ಕುಷ್ಟಗಿಯ ಪಡಸಾಲೆಯಲ್ಲಿ ಬಿಚ್ಚಿಟ್ಟ ಹೆಡ್ಡು

ಅಳವಂಡಿಯಲ್ಲಿ ನಾನು ಪಾಠ ಹೇಳುವ ಶಾಲೆಗೂ ಬಸ್ ನಿಲ್ದಾಣಕ್ಕೂ ನಡುವೆ ತಗಡಿನ ಮಾಡಿನ ಒಂದು ಗ್ಯಾರೇಜು ಇದೆ. ಮೊನ್ನೆ ಸಂಜೆ ಶಾಲೆ ಬಿಟ್ಟು ಬರುವಾಗ ಅದರ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಸೀಮೆಎಣ್ಣೆ ಸವರಿದ ಅಲ್ಯೂಮಿನಿಯಮ್ಮನ್ನು ಗ್ರೈಂಡರ್ ಹಿಡಿದು ಕೊರೆಯುವಾಗ ಒಂದು ವಾಸನೆ ಏಳುತ್ತದೆ. ಅರ್ಧ ಸುಟ್ಟ ಎಣ್ಣೆ, ಅರ್ಧ ಬಿಸಿ ಲೋಹ. ನಾಲಿಗೆಯ ತುದಿಗೆ ನಾಣ್ಯ ಇಟ್ಟುಕೊಂಡ ಹಾಗೆ. ಒಳಗೆ ಒಬ್ಬ ಮೆಕ್ಯಾನಿಕ್ ಬೈಕಿನ ಎಂಜಿನ್ನಿನ ಹೆಡ್ಡೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ನಾನು ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು ಬಾಗಿ, ಕೇಳದೆ ಮಾಡದೆ ಅದರ ತೂತಿನಲ್ಲಿ ಕಿರುಬೆರಳು ಇಟ್ಟುಬಿಟ್ಟೆ. ಅವನು ಗಾಬರಿಯಾಗಿ, "ಟೀಚರ್, ಕೈ ಹೊಲಸಾಗ್ತಾವ್ರಿ" ಅಂದ. ಆಗಲಿ ಬಿಡು ಎಂದೆ. ಕೊಪ್ಪಳದ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತಾಗ ಕುಷ್ಟಗಿಯ ಆ ಒಂದು ಬೇಸಿಗೆ ಇಡಿಯಾಗಿ ಕಣ್ಣ ಮುಂದೆ ಬಂತು.

ಆಗ ನನ್ನ ಬಿ.ಎಡ್. ಮುಗಿದಿತ್ತು, ನೌಕರಿ ಸಿಕ್ಕಿರಲಿಲ್ಲ. ಮನೆಯಲ್ಲೇ ಕೂತು ನೇಮಕಾತಿ ಪರೀಕ್ಷೆಗೆ ಓದುತ್ತಿದ್ದೆ. ಅಪ್ಪನೂ ಮನೆಯಲ್ಲೇ ಇದ್ದ. ಅವನ ಹೆಸರು ವೀರಭದ್ರಪ್ಪ, ಆದರೆ ಕುಷ್ಟಗಿಯಲ್ಲಿ ಹೆಸರು ಹಿಡಿದು ಕೇಳಿದರೆ ಮನೆ ಸಿಗುತ್ತಿರಲಿಲ್ಲ. ಉಸ್ತಾದರ ಮನೆ ಅಂದರೆ ಸಣ್ಣ ಮಕ್ಕಳೂ ತೋರಿಸುತ್ತಿದ್ದರು. ಯಲಬುರ್ಗಾ ರಸ್ತೆಯಲ್ಲಿ ಅವನ ಬೈಕ್ ಗ್ಯಾರೇಜು ನನಗೆ ನೆನಪು ಬಲಿಯುವ ಮೊದಲಿನಿಂದ ಇತ್ತು. ಹಿಂದಿನ ವರ್ಷ ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದೆ ಒಂದು ಬೆರಳು ತೆಗೆಸಬೇಕಾಯಿತು. ಆಮೇಲೆ ಅವನು ಗ್ಯಾರೇಜಿನ ಕಡೆ ಹೋಗಲೇ ಇಲ್ಲ. ನಿಂತು ಕೆಲಸ ಮಾಡಲು ಆಗುವುದಿಲ್ಲ ಎಂದು ಹೇಳಿ ಮಳಿಗೆ ಬಿಟ್ಟುಕೊಟ್ಟ, ಸಾಮಾನನ್ನು ಗೋಣಿಚೀಲಗಳಲ್ಲಿ ತುಂಬಿ ಮನೆಗೆ ತರಿಸಿದ.

ಪಡಸಾಲೆಯ ಹೊರಸಿನ ಮೇಲೆ ಇಡೀ ದಿನ ಮಲಗಿರುತ್ತಿದ್ದ. ರಸ್ತೆಯಲ್ಲಿ ಬೈಕು ಹೋದರೆ ಕಣ್ಣು ತೆರೆಯದೆ, ಇದರ ಚೈನು ಸಡಿಲಾಗಿದೆ, ಇದು ಎಣ್ಣೆ ಕುಡಿಯುತ್ತಿದೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಅವ್ವ ಗಂಗಮ್ಮ ಅಡುಗೆಮನೆಯಿಂದ ಅದಕ್ಕೆ ಹೂಂಗುಟ್ಟುತ್ತಿದ್ದಳು. ಅವಳಿಗೆ ಅವನು ಮಾತಾಡುವುದೇ ಸಾಕಾಗಿತ್ತು, ಏನು ಮಾತಾಡಿದರೂ.

ಮೆಹಬೂಬಣ್ಣ ಬಂದದ್ದು ಬಿಸಿಲು ನೆತ್ತಿಗೆ ಬಂದ ಒಂದು ಮಧ್ಯಾಹ್ನ. ಅಪ್ಪನ ಕೈಕೆಳಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿತವನು ಅವನು. ಈಗ ಗಂಗಾವತಿಯಲ್ಲಿ ಸ್ವಂತ ಗ್ಯಾರೇಜು ಹಾಕಿದ್ದ, ಮಣ್ಣಿನ ಟ್ರ್ಯಾಕಿನ ರೇಸುಗಳಲ್ಲಿ ಬೈಕು ಓಡಿಸುತ್ತಿದ್ದ. ಹೆಗಲಲ್ಲಿದ್ದ ಬಟ್ಟೆಯ ಚೀಲವನ್ನು ಹೊರಸಿನ ಪಕ್ಕ ಇಳಿಸಿ, ಅಪ್ಪನ ಕಾಲಿನ ಹತ್ತಿರ ನೆಲದ ಮೇಲೆ ಕೂತ. ಮಳೆ ಹಿಡಿಯುವ ಹೊತ್ತಿಗೆ ಕೊಪ್ಪಳದ ಹೊರಗೆ ಒಂದು ರೇಸ್ ಇದೆಯೆಂದೂ, ತನ್ನ ಬೈಕು ನೇರ ದಾರಿಯಲ್ಲಿ ಓಡುತ್ತದೆ ಆದರೆ ತಿರುವು ಮುಗಿಸಿ ಮೇಲೇಳುವಾಗ ಸತ್ತುಹೋಗುತ್ತದೆಂದೂ ಹೇಳಿದ. ಚೀಲದಿಂದ ಹೆಡ್ಡನ್ನು ತೆಗೆದು ಟವೆಲ್ಲಿನ ಮೇಲೆ ಇಟ್ಟ.

ಹೆಡ್ಡು ಎಂದರೆ ಎಂಜಿನ್ನಿನ ತಲೆ. ಗಾಳಿ ಮತ್ತು ಪೆಟ್ರೋಲು ಒಳಗೆ ಹೋಗುವ ಒಂದು ದಾರಿ, ಸುಟ್ಟ ಹೊಗೆ ಹೊರಗೆ ಬರುವ ಇನ್ನೊಂದು ದಾರಿ ಅದರ ಹೊಟ್ಟೆಯಲ್ಲೇ ಇರುತ್ತವೆ. ಕಾರ್ಖಾನೆಯಲ್ಲಿ ಅಚ್ಚಿಗೆ ಹೊಯ್ದು ತೆಗೆದ ಆ ದಾರಿಗಳು ಒಳಗೆ ಒರಟಾಗಿರುತ್ತವೆ. ದಿಬ್ಬ, ಅಂಚು, ಮೆಟ್ಟಿಲು ಉಳಿದಿರುತ್ತವೆ. ಅವನ್ನು ಕೊರೆದು ತಿದ್ದಿದರೆ ಎಂಜಿನ್ನಿಗೆ ಉಸಿರು ಸರಾಗ. ಮೆಕ್ಯಾನಿಕ್ಕರು ಅದನ್ನು ಪೋರ್ಟಿಂಗ್ ಅನ್ನುತ್ತಾರೆ. ನಮ್ಮ ಕಡೆ ಆ ಕೆಲಸಕ್ಕೆ ಅಪ್ಪನ ಹೆಸರಿತ್ತು.

ಅಪ್ಪ ಬಹಳ ಹೊತ್ತು ಹೆಡ್ಡನ್ನು ಮುಟ್ಟಲಿಲ್ಲ. ತಾನು ಆ ಕೆಲಸ ಬಿಟ್ಟಿದ್ದೇನೆ, ಬಳ್ಳಾರಿಯಲ್ಲಿ ಮೆಶೀನು ಇಟ್ಟವರಿದ್ದಾರೆ, ಅಲ್ಲಿಗೆ ಒಯ್ಯಿ ಎಂದ. ಮೆಹಬೂಬಣ್ಣ ತಲೆ ಬಗ್ಗಿಸಿ ಕೇಳಿಸಿಕೊಂಡು, "ಮೆಶೀನು ನನಗ ಗೊತ್ತಿಲ್ರಿ ಉಸ್ತಾದ್ರ. ನಿಮ್ಮ ಕೈ ಗೊತ್ತೈತಿ" ಅಂದ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅವಳ ಕಡೆ ಒಮ್ಮೆ ನೋಡಿ, ಹೆಡ್ಡನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಜೀವ ಕಂಡಿತು. "ಇದಕ್ಕ ಮೂಗು ಕಟ್ಟೈತಿ" ಅಂದ.

ಕೆಲಸ ಪಡಸಾಲೆಯಲ್ಲೇ ಶುರುವಾಯಿತು. ಗೋಣಿಚೀಲ ಬಿಚ್ಚಿ ಸಾಮಾನು ಹರವಿದೆವು: ಉದ್ದ ಬಳ್ಳಿಯಂತೆ ಬಾಗುವ ಗ್ರೈಂಡರು, ಬೇರೆ ಬೇರೆ ಆಕಾರದ ಕಟರ್ ಬಿಟ್ಟುಗಳು, ಸೀಳಿದ ಕಡ್ಡಿಗೆ ಸುತ್ತಿ ತಿರುಗಿಸಿ ಉಜ್ಜುವ ಎಮರಿ ಪೇಪರು. ರೇಷನ್ನಿನಲ್ಲಿ ಸೀಮೆಎಣ್ಣೆ ಬರುವುದು ನಿಂತಿದ್ದರೂ ಅವ್ವ ಒಂದು ಡಬ್ಬಿ ಉಳಿಸಿಟ್ಟಿದ್ದಳು. ಕರೆಂಟು ಬಂದಾಗ ಗ್ರೈಂಡರು, ಹೋದಾಗ ಎಮರಿ. ಅಪ್ಪ ಬೆನ್ನಿಗೆ ದಿಂಬು ಕೊಟ್ಟು ಕೂತು ಕೊರೆಯುತ್ತಿದ್ದ, ನಾನು ಎದುರು ಗೋಡೆಗೆ ಒರಗಿ ಓದುತ್ತಿದ್ದೆ. ಬೂದು ಬಣ್ಣದ ಹುಡಿ ಎದ್ದು ನನ್ನ ಮನೋವಿಜ್ಞಾನದ ಪುಸ್ತಕದ ಮೇಲೆ ಕೂರುತ್ತಿತ್ತು.

ಅದು ಶಾವಿಗೆ ಮಾಡುವ ದಿನಗಳು. ಅವ್ವ ಮಾಳಿಗೆಯ ಮೇಲೆ ಕೋಲುಗಳಿಗೆ ಶಾವಿಗೆ ಇಳಿಬಿಟ್ಟು, ಕೆಳಗೆ ಬಂದು ಈ ಹುಡಿ ನೋಡಿದಳೆಂದರೆ ಜಗಳ. ಶಾವಿಗೆ ಪಾಯಸದಲ್ಲಿ ಅಲ್ಯೂಮಿನಿಯಮ್ಮು ತಿನ್ನುತ್ತೀರೇನು ಎಂದು ಕೇಳಿ, ಪಡಸಾಲೆಯಿಂದ ಮಾಳಿಗೆಯ ಮೆಟ್ಟಿಲಿಗೆ ಹೋಗುವ ಬಾಗಿಲಿಗೆ ಒದ್ದೆ ಸೀರೆಯೊಂದನ್ನು ಕಟ್ಟಿಸಿದಳು. ಬೈಯುತ್ತಲೇ ಅಪ್ಪನ ಮೂಗಿಗೆ ತನ್ನ ಹಳೆಯ ಸೆರಗಿನ ತುಂಡನ್ನು ಮಡಚಿ ಕಟ್ಟಿದಳು. ಅವನು ಅದನ್ನು ಬಿಚ್ಚಲಿಲ್ಲ.

ಒಂದೆರಡು ದಿನ ಕಳೆದ ಮೇಲೆ ನನಗೆ ಒಂದು ವಿಷಯ ವಿಚಿತ್ರ ಅನ್ನಿಸತೊಡಗಿತು. ಅಪ್ಪ ಸ್ವಲ್ಪ ಕೊರೆಯುತ್ತಿದ್ದ, ದಾರಿಯೊಳಗೆ ಬೆರಳು ಆಡಿಸುತ್ತಿದ್ದ, ಹೆಡ್ಡನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕುತ್ತಿದ್ದ, ಆಮೇಲೆ ಏನೋ ಸಹಜ ಅನ್ನುವ ಹಾಗೆ ನನ್ನನ್ನು ಕರೆದು, ನೀನೊಮ್ಮೆ ಬೆರಳಾಡಿಸು ಅನ್ನುತ್ತಿದ್ದ. ಒಳಗೆ ದಿಬ್ಬವಿದೆ ಎಂದರೆ, ಹೌದು ನನಗೂ ಹಾಗೇ ಅನ್ನಿಸಿತು ಅನ್ನುತ್ತಿದ್ದ. ಒಮ್ಮೆ ನಾನು ಏನೂ ಇಲ್ಲದ ಕಡೆ ದಿಬ್ಬವಿದೆ ಅಂದೆ, ಕೈ ಜಾರಿ ಬೇರೆ ಕಡೆ ಮುಟ್ಟಿದ್ದೆ. ಅದಕ್ಕೂ ಅವನು ಹೌದು ಅಂದ.

ಕಾರಣ ಗೊತ್ತಾದದ್ದು ಹಿತ್ತಲಲ್ಲಿ. ಒಳಗಿನ ದಾರಿಯಲ್ಲಿ ಅಂಟಿದ್ದ ಎಣ್ಣೆ, ಹುಡಿ ಹೋಗಲೆಂದು ಹಳೆಯ ಬೋಗುಣಿಯಲ್ಲಿ ಸೋಪಿನ ಪುಡಿ ಹಾಕಿ ಹೆಡ್ಡನ್ನು ಒಲೆಯ ಮೇಲೆ ಕುದಿಸಿದ್ದೆವು. ತಂತಿಯ ಕೊಕ್ಕೆಯಿಂದ ಅದನ್ನೆತ್ತಿ ಒಗೆಯುವ ಕಲ್ಲಿನ ಮೇಲಿಟ್ಟು, ಒರೆಸುವ ಬಟ್ಟೆ ತರಲು ನಾನು ಒಳಗೆ ಹೋದೆ. ಬರುವಷ್ಟರಲ್ಲಿ ಅಪ್ಪ ಅದನ್ನು ಬರಿಗೈಯಲ್ಲಿ ಎತ್ತಿಕೊಂಡು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದ. ಹೆಡ್ಡಿನಿಂದ ಇನ್ನೂ ಹಬೆ ಏಳುತ್ತಿತ್ತು.

"ಅಪ್ಪಾ, ಬಿಡು" ಎಂದು ಚೀರಿದೆ.

ಅವನು ನೋಡಿದ್ದು ನನ್ನನ್ನು, ತನ್ನ ಕೈಯನ್ನಲ್ಲ. ನನ್ನ ಮುಖ ನೋಡಿದ ಮೇಲೆ ಕೈ ನೋಡಿಕೊಂಡ. ಆಗಲೂ ಹೆಡ್ಡನ್ನು ಎಸೆಯಲಿಲ್ಲ. ಅಂಚು ಕಲ್ಲಿಗೆ ತಾಗದ ಹಾಗೆ ಮೆಲ್ಲಗೆ ಇಳಿಸಿದ. ಬೆರಳತುದಿಗಳು ಕೆಂಪಾಗಿ, ನೋಡನೋಡುತ್ತ ಬೆಳ್ಳಗಾಗತೊಡಗಿದವು. ನಾನು ಅವನ ಕೈಯನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ಹಿಡಿದುಕೊಂಡೆ. ಅವನ ಕೈ ನೀರಿನಲ್ಲಿ ಸುಮ್ಮನಿತ್ತು, ಯಾರೋ ಮರೆತು ಬಿಟ್ಟುಹೋದ ವಸ್ತುವಿನ ಹಾಗೆ.

ಅಪ್ಪ ಅಂದ: "ಸುಟ್ಟಿದ್ದು ಗೊತ್ತಾಗಲಿಲ್ಲವ್ವಾ. ಬೆರಳು ಮರಗಟ್ಟ್ಯಾವ."

"ಯಾವಾಗಿಂದ?"

"ಅಂಗಡಿ ಮುಚ್ಚೂಕಿಂತ ಮೊದಲ."

ಆಮೇಲೆ ಅವನು ಹೇಳಿದ್ದನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುವವರೆಗೆ. ಗ್ಯಾರೇಜು ಮುಚ್ಚಲು ಕಾಲು ಕಾರಣವಾಗಿರಲಿಲ್ಲ. ಒಂದು ದಿನ ಗಂಡ, ಹೆಂಡತಿ, ಕಂಕುಳ ಕೂಸು ಬಂದ ಒಂದು ಬೈಕಿನ ಮುಂದಿನ ಚಕ್ರ ಬಿಚ್ಚಿ ಕೂಡಿಸಿಕೊಟ್ಟಿದ್ದ. ಅವರು ಹೋದ ಮೇಲೆ ಸ್ಪ್ಯಾನರ್ ಒರೆಸುತ್ತಿದ್ದಾಗ, ಚಕ್ರವನ್ನು ಹಿಡಿದಿಡುವ ಆಕ್ಸಲ್ಲಿನ ನಟ್ಟು ಬಿಗಿಯಾಗಿತ್ತೋ ಇಲ್ಲವೋ ತನ್ನ ಕೈಗೆ ಗೊತ್ತೇ ಆಗಲಿಲ್ಲವಲ್ಲ ಎಂದು ಹೊಳೆಯಿತಂತೆ. ಇನ್ನೊಬ್ಬರ ಬೈಕು ಹತ್ತಿ ಅವರ ಬೆನ್ನು ಹತ್ತಿದ. ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ಅವರು ಸಿಕ್ಕರು. ನಟ್ಟು ಬೆರಳಲ್ಲೇ ತಿರುಗುವಷ್ಟು ಸಡಿಲಿತ್ತು. ಬಿಗಿ ಮಾಡಿದ, ಬಿಗಿಯಾಯಿತೇ ಎಂದು ಆ ಗಂಡನ ಕೈಯಿಂದಲೇ ನೋಡಿಸಿದ. ಕೂಸು ತನ್ನನ್ನು ನೋಡಿ ನಕ್ಕಿತು ಅಂದ. ಮರುದಿನ ಕಾಲಿನ ನೆಪ ಹೇಳಿ ಬಾಗಿಲು ತೆರೆಯಲಿಲ್ಲ.

"ಮೆಹಬೂಬಗ ಫೋನ್ ಹಚ್ಚು. ಹೆಡ್ಡು ಒಯ್ಯಿ ಅನ್ನು" ಅಂದ. "ನಿಮ್ಮವ್ವಗ ಏನೂ ಹೇಳಬ್ಯಾಡ."

ಕೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತುತ್ತ ನಾನು ಯೋಚಿಸಿದೆ. ಹೆಡ್ಡು ವಾಪಸು ಹೋದರೆ ಅವನು ಮತ್ತೆ ಹೊರಸಿಗೆ ಹೋಗುತ್ತಾನೆ, ಈ ಸಲ ಎದ್ದು ಕೂರಲಾರ ಎಂಬುದು ನನಗೆ ನಿಚ್ಚಳವಾಗಿ ಕಂಡಿತು. ನನ್ನ ಬೆರಳಿಗೆ ಗೊತ್ತಾಗುತ್ತದೆ, ನೀನು ಹೇಳು, ನಾನು ಮಾಡುತ್ತೇನೆ ಎಂದೆ.

"ಇದು ರೊಟ್ಟಿ ಬಡಿಯೂ ಕೆಲಸಲ್ಲ ನೇತ್ರಾ" ಅಂದ.

"ರೊಟ್ಟಿ ತೆಳುವಾಗ್ಯಾದೋ ಇಲ್ಲೋ ಅಂತ ಬೆರಳಿಂದನ ನೋಡ್ತೀವಿ. ನೀ ಒಂದು ದಿನಾನೂ ಬಡದಿಲ್ಲ, ನಿನಗೇನು ಗೊತ್ತು?"

ಸಂಜೆ ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಅಪ್ಪ, ಗೋಣಿಚೀಲದ ತಳದಲ್ಲಿ ಕೆಲಸಕ್ಕೆ ಬಾರದ ಒಂದು ಸತ್ತ ಹೆಡ್ಡಿದೆ, ಅದನ್ನು ತಾ ಎಂದ.

ಮೊದಲ ಪಾಠದಲ್ಲಿ ಗ್ರೈಂಡರನ್ನು ಮುಟ್ಟಗೊಡಲಿಲ್ಲ. ಕಣ್ಣು ಮುಚ್ಚಿ ಕಿರುಬೆರಳನ್ನು ದಾರಿಯೊಳಗೆ ಇಟ್ಟು, ಅಲ್ಲೇನಿದೆಯೋ ಅದನ್ನು ಬಾಯಲ್ಲಿ ಹೇಳಬೇಕು. ಒರಟು ಅಂದರೆ ಸಾಲದು. ಎಂಥ ಒರಟು? ಅವನಿಗೆ ಮುಟ್ಟಿ ನೋಡಲು ಆಗುವುದಿಲ್ಲವಾದ್ದರಿಂದ ನನ್ನ ಮಾತಿನಿಂದಲೇ ಅವನಿಗೆ ಕಾಣಬೇಕಿತ್ತು. ನಾನು ಮಾತು ಹುಡುಕತೊಡಗಿದೆ. ಇದು ರವೆಯ ಹಾಗೆ, ಇದು ಜೋಳದ ಹಿಟ್ಟಿನ ಹಾಗೆ, ಇಲ್ಲಿ ಹೀರೇಕಾಯಿಯ ಏಣು. ಅಪ್ಪ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ. ಗಾಳಿ ಒಳಗೆ ಹೋಗುವ ದಾರಿ ಬೆಕ್ಕಿನ ನಾಲಿಗೆಯ ಹಾಗಿರಬೇಕು, ತೀರಾ ನುಣುಪಾದರೆ ಪೆಟ್ರೋಲು ಗೋಡೆಗೆ ಅಂಟಿ ಹರಿಯುತ್ತದೆ. ಹೊಗೆ ಹೊರಬರುವ ದಾರಿ ಮಾತ್ರ ತೊಳೆದ ಸ್ಟೀಲ್ ತಾಟಿನ ಹಾಗೆ ಎಂದು ಹೇಳಿಕೊಟ್ಟ. ಬೆಕ್ಕಿನ ನಾಲಿಗೆ ಹೇಗಿರುತ್ತದೆಂದು ನಾನು ಪಕ್ಕದ ಮನೆಯ ಬೆಕ್ಕಿಗೆ ಹಾಲು ಹಾಕಿ, ಬೆರಳು ನೆಕ್ಕಿಸಿ ತಿಳಿದುಕೊಂಡು ಬಂದೆ.

ಸತ್ತ ಹೆಡ್ಡನ್ನು ನಾನು ಎರಡನೆಯ ಸಲ ಸಾಯಿಸಿದೆ. ಕಟರು ಕೈಯಿಂದ ಹಾರಿ, ದಾರಿಯನ್ನು ತೆರೆದು ಮುಚ್ಚುವ ವಾಲ್ವು ಕೂರುವ ಸೀಟಿನ ಮೇಲೆ ಗೀರು ಎಳೆಯಿತು. ಅದು ಎಂಜಿನ್ನಿನ ತುಟಿ, ಅಲ್ಲಿ ಗೀರು ಬಿದ್ದರೆ ಬಾಯಿ ಮುಚ್ಚುವುದಿಲ್ಲ ಎಂದು ಅಪ್ಪ ಹೇಳಿದ. ಬೈಯಲಿಲ್ಲ. ಇದೇ ಆಗಲಿ ಎಂದು ಕಾಯುತ್ತಿದ್ದೆ, ಇನ್ನು ನಿನ್ನ ಕೈಗೆ ಹೆದರಿಕೆ ಬರುತ್ತದೆ ಅಂದ. ನಿಜವಾಗಿಯೂ ಬಂತು. ಆಮೇಲೆ ಕಟರು ಒಮ್ಮೆಯೂ ಹಾರಲಿಲ್ಲ.

ಮೆಹಬೂಬಣ್ಣನ ಹೆಡ್ಡಿಗೆ ಕೈ ಹಾಕುವ ಹೊತ್ತಿಗೆ ಬಿಸಿಲು ತಿರುಗಿತ್ತು. ಮಧ್ಯಾಹ್ನವಾದರೆ ಪಡುವಣದಿಂದ ಕೆಂಪು ಧೂಳಿನ ಗಾಳಿ ಎದ್ದು ಬಾಗಿಲು ಬಡಿಯುತ್ತಿತ್ತು, ಮೋಡ ಕಟ್ಟುತ್ತಿತ್ತು, ಮಳೆ ಬರುತ್ತಿರಲಿಲ್ಲ. ನಾನು ಮುಂಜಾನೆ ಓದಿ, ರೊಟ್ಟಿ ಮುಗಿಸಿ, ಅವ್ವನ ಸೆರಗಿನ ತುಂಡನ್ನು ಮೂಗಿಗೆ ಕಟ್ಟಿಕೊಂಡು ಕೂರುತ್ತಿದ್ದೆ. ಅಪ್ಪನ ಕೈ ಸುಟ್ಟಿದೆಯಲ್ಲ, ಅದಕ್ಕೆ ಸ್ವಲ್ಪ ಕೈಜೋಡಿಸುತ್ತಿದ್ದೇನೆ ಎಂದು ಅವ್ವನಿಗೆ ಹೇಳಿದ್ದೆವು. ಅವಳು ಏನೂ ಕೇಳಲಿಲ್ಲ.

ಒಂದು ದಿನ ಅವಳೇ ಬಂದು, ಅಷ್ಟು ದಿನದಿಂದ ಆ ತೂತಿನಲ್ಲಿ ಏನು ಹುಡುಕುತ್ತಿದ್ದೀರಿ ತೋರಿಸಿ ಎಂದಳು. ನಾನು ಹೆಡ್ಡನ್ನು ಬೆಳಕಿಗೆ ತಿರುಗಿಸಿ ತೋರಿಸಿದೆ. ಈ ಬಾಯಿಯನ್ನು ಇನ್ನೂ ಸ್ವಲ್ಪ ಅಗಲ ಮಾಡಿದರೆ ಹೆಚ್ಚು ಗಾಳಿ ಹೋಗುತ್ತದಲ್ಲವೇ ಎಂದು ಅಪ್ಪನನ್ನು ಅದೇ ಹೊತ್ತಿಗೆ ಕೇಳುತ್ತಿದ್ದೆ. ಅವ್ವನ ತವರು ಗಂಗಾವತಿ ಕಡೆಯ ಕಾಲುವೆಯ ಊರು. ಅವಳ ಅಪ್ಪ ಅಲ್ಲಿ ನೀರುಗಂಟಿಯಾಗಿದ್ದ. ಯಾರ ಗದ್ದೆಗೆ ಎಷ್ಟು ನೀರು ಎಂದು ತೂಬು ಏರಿಸಿ ಇಳಿಸುವ ಕೆಲಸ.

"ಅಗಲ ಮಾಡಬ್ಯಾಡ್ರಿ" ಅಂದಳು ಅವ್ವ. "ತೂಬಿನ ಬಾಯಿ ಅಗಲಾದ್ರ ನೀರು ಮೈಗಳ್ಳ ಆಗ್ತೈತಿ ಅಂತಿದ್ದ ನಮ್ಮಪ್ಪ. ಗದ್ದಿ ತುದಿಗೆ ಮುಟ್ಟಂಗಿಲ್ಲ."

ಅಪ್ಪ ಅವಳನ್ನೇ ನೋಡಿದ. ಆಮೇಲೆ, ಗಾಳಿಗೂ ಅದೇ ಲೆಕ್ಕ ಎಂದು ನಗತೊಡಗಿದ. ಕಾಲಿನ ಬೆರಳು ಹೋದ ಮೇಲೆ ಅವನು ಹಾಗೆ ಹೊಟ್ಟೆ ಕುಣಿಸಿ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ ತಾನು ಇವಳನ್ನು ಒಂದು ದಿನವೂ ಗ್ಯಾರೇಜಿಗೆ ಕರೆದುಕೊಂಡು ಹೋಗಲಿಲ್ಲವಲ್ಲ ಅಂದ. ಅವಳು, ಕರೆದಿದ್ದರೆ ರೊಟ್ಟಿ ಯಾರು ಮಾಡುತ್ತಿದ್ದರು ಎಂದು ಒಳಗೆ ಹೋದಳು. ಒಳಗೆ ಅವಳೂ ನಗುತ್ತಿದ್ದುದು ಕೇಳಿಸಿತು.

ದಾರಿ ಬಾಗುವ ಕಡೆಯ ಕೆಲಸ ಎಲ್ಲಕ್ಕಿಂತ ಕಷ್ಟದ್ದು. ಗಾಳಿ ಅಲ್ಲಿ ಗಕ್ಕನೆ ಕೆಳಗಿಳಿದು ಸಿಲಿಂಡರಿಗೆ ಬೀಳಬೇಕು. ಮೆಹಬೂಬಣ್ಣನ ಬೈಕು ತಿರುವಿನಲ್ಲಿ ಸಾಯುತ್ತಿದ್ದುದು ಅದೇ ಬಾಗಿನಲ್ಲಿದ್ದ ಒಂದು ಒರಟು ಏಣಿನಿಂದ ಎಂದು ಅಪ್ಪನ ಲೆಕ್ಕ. ನಾನು ಸ್ವಲ್ಪ ಸ್ವಲ್ಪವೇ ತೆಗೆಯುತ್ತಿದ್ದೆ. ಬೆರಳಿಗೆ ಇನ್ನೂ ಏಣು ಸಿಗುತ್ತಿತ್ತು, ಇನ್ನೊಂದು ಸಲ ಎಂದು ಕಟರು ಒತ್ತಿದೆ.

"ನಿಲ್ಲಸು" ಅಂದ ಅಪ್ಪ.

ಅವನು ಹೊರಸಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಶಬ್ದ ತೆಳುವಾಯಿತು, ಗೋಡೆ ತೆಳುವಾಗಿದೆ, ನೋಡು ಎಂದ. ನಾನು ಒಳಗೆ ಕಿರುಬೆರಳು, ಹೊರಗೆ ಹೆಬ್ಬೆರಳು ಇಟ್ಟು ನಡುವೆ ಎಷ್ಟು ಉಳಿದಿದೆ ಎಂದು ಹಿಡಿದು ನೋಡಿದೆ. ಇನ್ನೊಂದು ಸಲ ಒತ್ತಿದ್ದರೆ ಕಟರು ಆಚೆ ಬರುತ್ತಿತ್ತು, ಹೆಡ್ಡು ಗುಜರಿಗೆ ಹೋಗುತ್ತಿತ್ತು, ಅದರ ಜೊತೆ ಆ ಸಲದ ರೇಸೂ. ಅಪ್ಪ ಕಣ್ಣು ತೆರೆದು, ಇನ್ನುಳಿದದ್ದನ್ನು ಎಮರಿಯಲ್ಲಿ ಮಾಡು, ಅವಸರವಿಲ್ಲ ಎಂದ. ಆ ದಿನದಿಂದ ನಾನು ಕೊರೆಯುವಾಗ ಅವನು ಮಾತಾಡುವುದನ್ನು ಬಿಟ್ಟು ಬರೀ ಕೇಳಿಸಿಕೊಳ್ಳತೊಡಗಿದ. ನಾನೂ ಅವನ ಉಸಿರು ಬದಲಾದರೆ ಕೈ ತಡೆಯುತ್ತಿದ್ದೆ.

ಕೊನೆಗೆ ವಾಲ್ವುಗಳನ್ನು ಸೀಟಿಗೆ ಉಜ್ಜಿ ಕೂರಿಸಿ, ಹೆಡ್ಡನ್ನು ಬೋರಲು ಹಾಕಿ, ದಾರಿಗಳಿಗೆ ಪೆಟ್ರೋಲು ತುಂಬಿ ಇಟ್ಟೆವು. ಸೋರಿದರೆ ಎಲ್ಲವೂ ಮತ್ತೆ ಮೊದಲಿನಿಂದ. ಅವ್ವ ಚಹಾ ಮಾಡಿ ತಂದಳು. ಕುಡಿದೆವು. ಕೆಳಗೆ ಹಾಸಿದ್ದ ಪೇಪರು ಒಣಗಿಯೇ ಇತ್ತು.

ಮೆಹಬೂಬಣ್ಣ ಬಂದ ದಿನ ಮೊದಲ ಮಳೆ ಬಂದಿತ್ತು. ಬೈಕನ್ನು ಒಂದು ಸಣ್ಣ ಟೆಂಪೋದಲ್ಲಿ ಹಾಕಿಕೊಂಡು ಬಂದು, ಅಂಗಳದ ತಗಡಿನ ಕೆಳಗೆ ಇಳಿಸಿದ. ಹೆಡ್ಡನ್ನು ಕೈಗೆತ್ತಿಕೊಂಡು ಬೆರಳು ಆಡಿಸಿದವನು ಹಾಗೇ ನಿಂತುಬಿಟ್ಟ. ಒಳಗೆ, ಹೊರಗೆ, ಮತ್ತೆ ಒಳಗೆ. ಕಣ್ಣು ತುಂಬಿ, ಉಸ್ತಾದರ ಕೈ ಹಿಂದಿನಂತೆಯೇ ಇದೆ, ತಾನು ಬಳ್ಳಾರಿಗೆ ಹೋಗದಿದ್ದುದು ಒಳ್ಳೆಯದಾಯಿತು ಎಂದ.

ಅಪ್ಪ ಹೂಂ ಅನ್ನಬಹುದಿತ್ತು. ಅವನು ಹಾಗೆ ಅನ್ನಲೆಂದೇ ನಾನು ಬಯಸಿದ್ದೆ. ತಗಡಿನ ಮೇಲೆ ಮಳೆ ಸುರಿಯುತ್ತಿತ್ತು, ಅವ್ವ ಬಾಗಿಲಲ್ಲಿ ಚಹಾ ಸೋಸುತ್ತಿದ್ದಳು. ಅಪ್ಪ ಕಟ್ಟು ಬಿಚ್ಚಿದ್ದ ತನ್ನ ಕೈಯನ್ನು ಮುಂದೆ ಚಾಚಿ ಹಿಡಿದ. ಹೊಸ ಚರ್ಮ ಬಂದ ಬೆರಳತುದಿಗಳು ನಸುಗೆಂಪಾಗಿದ್ದವು.

"ಇದು ನನ್ನ ಕೈಯಲ್ಲೋ ಮೆಹಬೂಬ. ನೇತ್ರಾನ ಕೈ. ನನ್ನ ಬೆರಳಿಗೆ ಒಂದು ವರ್ಷದಿಂದ ಏನೂ ಗೊತ್ತಾಗಂಗಿಲ್ಲ. ಓಡಿಸೂದು ನಿನ್ನ ಜೀವ. ಬ್ಯಾಡ ಅನ್ನಿಸಿದ್ರ ಬ್ಯಾರೆ ಹೆಡ್ಡು ನೋಡ್ಕೋ. ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ."

ಇಷ್ಟು ಹೇಳಿ ಅವ್ವನ ಕಡೆ ಹೆದರಿದ ಕಣ್ಣಿನಿಂದ ನೋಡಿದ. ಅವ್ವ ಸೋಸುವುದನ್ನು ನಿಲ್ಲಿಸಲಿಲ್ಲ. "ದಿನಾ ಅಂಗಿ ಗುಂಡಿ ಹಾಕೂ ಹೆಂಡತಿಗೆ ಗೊತ್ತಾಗದ ಇರ್ತೈತೇನು?" ಅಂದಳು.

ಆಗ ನನಗೆ ನೆನಪಾಯಿತು. ಒಂದು ವರ್ಷದಿಂದ ಮುಂಜಾನೆ ಅಪ್ಪ ಸ್ನಾನ ಮಾಡಿ ಬಂದರೆ ಅವಳು ಏನಾದರೊಂದು ನೆಪ ತೆಗೆದು ಎದುರು ನಿಲ್ಲುತ್ತಿದ್ದಳು, ಮಾತಾಡುತ್ತಲೇ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ವಯಸ್ಸಾದ ಮೇಲೆ ಇವರಿಗೆ ಪ್ರೀತಿ ಹೆಚ್ಚಾಗಿದೆ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡ. ಅವಳು ಅವನ ಕೈಗೆ ಚಹಾ ಕೊಡದೆ ಲೋಟವನ್ನು ಪಕ್ಕದ ಕಟ್ಟೆಯ ಮೇಲಿಟ್ಟಳು. ಬಿಸಿ ಇದೆ, ಆರಲಿ ಎಂದಳು.

ಮೆಹಬೂಬಣ್ಣ ಟೆಂಪೋದಿಂದ ಸಾಮಾನಿನ ಪೆಟ್ಟಿಗೆ ತಂದು, ಹೆಡ್ಡನ್ನು ಎಂಜಿನ್ನಿನ ಮೇಲೆ ಕೂರಿಸಿದ. ಬೋಲ್ಟುಗಳನ್ನು ಹಾಕಿ, ಬಿಗಿ ಮಾಡುವ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟ. "ತಂಗಿ, ನೀನ ಬಿಗಿ ಮಾಡು. ಉಸ್ತಾದ್ರು ಹೇಳ್ತಾರ."

ರೇಸಿನ ದಿನ ನಾವು ಮೂವರೂ ಕೊಪ್ಪಳದ ಬಸ್ಸು ಹತ್ತಿದೆವು. ಅವ್ವ ರೊಟ್ಟಿಯ ಗಂಟು ಕಟ್ಟಿಕೊಂಡಿದ್ದಳು. ಊರ ಹೊರಗೆ ಕಲ್ಲುಗುಡ್ಡದ ಕೆಳಗಿನ ಬಯಲನ್ನು ಸುತ್ತುಸುತ್ತಾಗಿ ಅಗೆದು, ದಿಬ್ಬ ಹಾಕಿ ಟ್ರ್ಯಾಕು ಮಾಡಿದ್ದರು. ಹಿಂದಿನ ದಿನದ ಮಳೆಗೆ ಕೆಮ್ಮಣ್ಣು ಹದವಾಗಿತ್ತು. ಜನ ಗುಡ್ಡದ ಬಂಡೆಗಳ ಮೇಲೆಲ್ಲ ಕೂತಿದ್ದರು. ಅಪ್ಪ ಕೆಳಗೆ, ಟ್ರ್ಯಾಕಿನ ದೊಡ್ಡ ತಿರುವಿನ ಹತ್ತಿರ ಜಾಗ ಹಿಡಿದ. ಅಲ್ಲಿ ಕೂತರೆ ಗೆಲ್ಲುವ ಗೆರೆ ಕಾಣುವುದಿಲ್ಲ ಎಂದು ಅವ್ವ ಹೇಳಿದರೂ ಕೇಳಲಿಲ್ಲ.

ಬೈಕುಗಳು ಒಟ್ಟಾಗಿ ಬಂದವು. ನನಗೆ ಎಲ್ಲ ಒಂದೇ ಗದ್ದಲ. ಒಳಗೆ ಕಿರುಬೆರಳು, ಹೊರಗೆ ಹೆಬ್ಬೆರಳು, ನಡುವೆ ಉಳಿದ ಆ ತೆಳು ಗೋಡೆಯೇ ಕಣ್ಣ ಮುಂದೆ. ಮೆಹಬೂಬಣ್ಣ ಕಾಲು ಚಾಚಿ, ಬೈಕನ್ನು ನೆಲಕ್ಕೆ ಬಾಗಿಸಿ ತಿರುವಿಗೆ ಬಂದ. ಬೈಕು ಸಾಯುತ್ತಿದ್ದ ಜಾಗ ಅದು. ಬೈಕು ನೆಟ್ಟಗಾಯಿತು, ಒಂದು ಕ್ಷಣವೂ ತಡೆಯದೆ ದಿಬ್ಬ ಏರಿ ಮರೆಯಾಯಿತು. ಅಪ್ಪ ಕಣ್ಣು ಮುಚ್ಚಿಯೇ ಇದ್ದ. ಪ್ರತಿ ಸುತ್ತಿನಲ್ಲೂ ಹಾಗೆಯೇ. ಕೊನೆಯ ಸುತ್ತಿನಲ್ಲಿ ಮುಂದಿದ್ದ ಹೊಸಪೇಟೆಯವನೊಬ್ಬನನ್ನು ಹಿಡಿಯಲು ಹೋಗಿ ಕೈಯಳತೆಯಲ್ಲಿ ತಪ್ಪಿತಂತೆ. ಎರಡನೆಯವನಾಗಿ ಬಂದ. ಅದಕ್ಕೂ ಮೊದಲು ಅವನು ಮೊದಲ ಐದರಲ್ಲೂ ಬಂದವನಲ್ಲ.

ಮೈಯೆಲ್ಲ ಕೆಸರಾಗಿ, ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಅವನು ನೇರ ನಮ್ಮ ಕಡೆ ಬಂದ.

"ಕೇಳಿಸ್ತೇನ್ರಿ ಉಸ್ತಾದ್ರ?"

"ಕೇಳಿಸ್ತು" ಅಂದ ಅಪ್ಪ. "ಛಲೋ ಉಸಿರಾಡ್ತಿತ್ತು."

ಮರುವಾರ ಅವ್ವ ಅವನನ್ನು ಕೊಪ್ಪಳದ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೋದ ಸ್ಪರ್ಶ ಬಹುಶಃ ಬರಲಾರದು, ಸಕ್ಕರೆಯನ್ನು ಹಿಡಿತದಲ್ಲಿಟ್ಟರೆ ಇರುವುದನ್ನು ಉಳಿಸಿಕೊಳ್ಳಬಹುದು ಎಂದರಂತೆ. ಅಪ್ಪ ಅದನ್ನು ನಾವು ಅಂದುಕೊಂಡಷ್ಟು ಕಷ್ಟಪಡದೆ ಕೇಳಿದ. ಬರುವಾಗ ಬಸ್ಸಿನಲ್ಲಿ ಅವ್ವನಿಗೆ, ಅಂಗಿಯ ಬದಲು ಬನಿಯನ್ನಿನಂಥ ಟೀ ಶರ್ಟು ತೊಡಲೇ ಎಂದು ಕೇಳಿದನಂತೆ. ಬೇಡ, ಅಂಗಿಯೇ ಇರಲಿ ಎಂದಳಂತೆ ಅವಳು.

ಮಳೆ ಚೆನ್ನಾಗಿ ಹಿಡಿಯಿತು. ಹೊಲಗಳಲ್ಲಿ ಸಜ್ಜೆ ಮೊಳಕೆಯೊಡೆಯುವ ಹೊತ್ತಿಗೆ ಮೆಹಬೂಬಣ್ಣನ ಗೆಳೆಯನೊಬ್ಬ ಗಂಗಾವತಿಯಿಂದ ಇನ್ನೊಂದು ಹೆಡ್ಡು ತಂದ. ಬಾಗಿಲಲ್ಲಿ ನಿಂತು ಅವನು ಕೇಳಿದ್ದು ಅಪ್ಪನನ್ನಲ್ಲ. ನೇತ್ರಾವತಿಯವರು ಇದ್ದಾರೇನು ಎಂದು. ಅಪ್ಪ ಹೊರಸಿನಿಂದಲೇ, ಇದ್ದಾಳೆ ಕೂತುಕೊಳ್ಳಿ ಅಂದ. ಅವನ ದನಿಯಲ್ಲಿದ್ದ ಹೆಮ್ಮೆಯನ್ನು ಮುಚ್ಚಲು ಅವನಿಗೆ ಬರುತ್ತಿರಲಿಲ್ಲ.

ಗ್ಯಾರೇಜು ನಡೆಸಿದ ಅಷ್ಟು ವರ್ಷ ಅಪ್ಪ ಇನ್ನೊಬ್ಬರ ಕೈಯಲ್ಲಿ ಎಂಜಿನ್ನು ಬಿಟ್ಟು ಕೂತವನಲ್ಲ. ಬೇರೆಯವರು ಕೆಲಸ ಮಾಡುತ್ತಿದ್ದರೆ ಅವರ ಬೆನ್ನ ಹಿಂದೆ ನಿಂತಿರುತ್ತಿದ್ದ, ಊಟಕ್ಕೂ ಮನೆಗೆ ಬರುತ್ತಿರಲಿಲ್ಲ. ಆ ಮಧ್ಯಾಹ್ನ ಊಟ ಮುಗಿದಿತ್ತು, ಹೊರಗೆ ಜಿಟಿಜಿಟಿ ಮಳೆ. ಕರೆಂಟು ಇತ್ತು. ನಾನು ಒಳದಾರಿಯ ಬಾಗನ್ನು ತಿದ್ದುತ್ತಿದ್ದೆ. ಅಪ್ಪ ಎಂದಿನಂತೆ ಹೊರಸಿನ ಮೇಲೆ, ಕಣ್ಣು ಮುಚ್ಚಿ ನನ್ನ ಶಬ್ದಕ್ಕೆ ಕಿವಿ ಕೊಟ್ಟು ಕೂತಿದ್ದಾನೆ ಎಂದುಕೊಂಡಿದ್ದೆ. ಇಲ್ಲಿ ಸಾಕೇ ಎಂದು ಕೇಳಿದೆ. ಉತ್ತರ ಬರಲಿಲ್ಲ. ತಲೆಯೆತ್ತಿ ನೋಡಿದೆ.

ಅಪ್ಪ ನಿದ್ದೆ ಹೋಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು, ತಲೆ ಗೋಡೆಗೆ ವಾಲಿತ್ತು, ಎರಡೂ ಕೈಗಳು ಅಂಗೈ ಮೇಲಾಗಿ ತೊಡೆಯ ಮೇಲೆ ಬಿದ್ದಿದ್ದವು.

ಅವ್ವ ಅಡುಗೆಮನೆಯಿಂದ ಇಣುಕಿದಳು. ಗುಡುಗಿಗೂ ಏಳದವನು ಓಡುತ್ತಿರುವ ಮೆಶೀನು ನಿಂತರೆ ಎದ್ದು ಕೂರುತ್ತಾನೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾಗಿನ ಕೆಲಸ ಮುಗಿದಿತ್ತು, ಇನ್ನು ಕೊರೆಯುವಂತಿರಲಿಲ್ಲ. ನಾನು ಕಟರನ್ನು ಲೋಹದಿಂದ ಮೆಲ್ಲಗೆ ಹೊರಗೆ ತೆಗೆದೆ. ಗ್ರೈಂಡರನ್ನು ಆರಿಸದೆ, ಎಲ್ಲಿಗೂ ತಾಗದ ಹಾಗೆ ಗಾಳಿಯಲ್ಲಿ ಹಿಡಿದುಕೊಂಡು, ಅದು ತನ್ನಷ್ಟಕ್ಕೆ ತಿರುಗುತ್ತಿರಲು ಬಿಟ್ಟು, ಕೈ ಸೋಲುವವರೆಗೂ ಕೂತಿದ್ದೆ.